ಕಡಲಿಗೆ 260 ಮೀಟರ್ ದೂರದಲ್ಲಿ ಹೊಸ ಮನೆ: ಪಡುವಣಕ್ಕೆ ಗಾಜಿನ ಗೋಡೆ ಇಡಬಹುದೇ?

ಪಡುಗಡಲು

ನಮಸ್ಕಾರ. ಮರವಂತೆ ದಾಟಿ ಬೈಂದೂರಿನ ಕಡೆ ಹೋಗುವಾಗ ಹೆದ್ದಾರಿಯ ಪಡುಬದಿಯಲ್ಲಿ ನಮ್ಮದೊಂದು 38 ಸೆಂಟ್ಸ್ ಜಾಗ ಇದೆ. ಅಜ್ಜನ ಹಂಚಿನ ಮನೆ ಬಿದ್ದು ವರ್ಷಗಳೇ ಆದವು. ಪಂಚಾಂಗದ (ಮನೆ ಕೂರುವ ಕಟ್ಟೆಯ) ಕಲ್ಲು, ಒಂದು ಬಾವಿ, ತೆಂಗಿನ ಮರಗಳು, ಪಡುಗಡೆ ತುದಿಯಲ್ಲಿ ಕೇದಗೆ ಪೊದೆಗಳ ಹಿಂಡಿಲು, ಅದರಾಚೆ ಮರಳಿನ ದಿಬ್ಬ, ಇಷ್ಟು ಉಳಿದಿದೆ. ದಿಬ್ಬ ಹತ್ತಿದರೆ ಕಡಲು. ಅಲ್ಲಿ ಸುಮಾರು 1,900 ಚದರಡಿಯ ಮನೆ ಕಟ್ಟಬೇಕೆಂದಿದ್ದೇವೆ.

ನಾನಿರುವುದು ಬೆಂಗಳೂರಿನಲ್ಲಿ. ಇಲ್ಲಿಯ ಆರ್ಕಿಟೆಕ್ಟ್ ಒಬ್ಬರು ನಕ್ಷೆ ಕೊಟ್ಟಿದ್ದಾರೆ. ಚಪ್ಪಟೆ ತಾರಸಿ, ಪಡುವಣಕ್ಕೆ 24 ಅಡಿ ಉದ್ದದ ಗಾಜಿನ ಗೋಡೆ, ಅದರೆದುರು ಈಜುಕೊಳ. ಕಡಲು ಚೆನ್ನಾಗಿ ಕಾಣಲಿ ಎಂದು ದಿಬ್ಬವನ್ನು ಸ್ವಲ್ಪ ತಗ್ಗಿಸಿ ಹುಲ್ಲುಹಾಸು. ತ್ರೀಡಿ ಚಿತ್ರ ಬಾಲಿಯ ರೆಸಾರ್ಟ್ ಇದ್ದ ಹಾಗಿದೆ, ಸುಳ್ಳು ಹೇಳುವುದಿಲ್ಲ, ಚಂದವೇ ಇದೆ. ಅಮ್ಮ ಮಾತ್ರ ಅದನ್ನು ನೋಡಿ, "ಆಷಾಢದಲ್ಲಿ ಈ ಗಾಜಿನ ಹಿಂದೆ ಕೂತ್ಕಂಬವ್ರು ಯಾರು?" ಅಂದರು.

ಹಳೇ ಮನೆಯ ನಕಲು ನನಗೆ ಬೇಡ. ಈಗಿನ ಕಾಲದ ಮನೆಯೇ ಬೇಕು, ಬೆಳಕು ಬೇಕು, ದೊಡ್ಡ ತೆರೆದ ಜಾಗ ಬೇಕು. ಆದರೆ ಆ ಜಾಗಕ್ಕೆ ಹೊಂದುವ ಮನೆ ಬೇಕು. ಕರಾವಳಿಯಲ್ಲಿ ಕಟ್ಟಿದವರು, ಇರುವವರು ದಯವಿಟ್ಟು ಹೇಳಿ.

ಮುರಕಲ್ಲು

ಹ್ವಾಯ್, ಗಾಜು ಆಮೇಲೆ. 260 ಮೀಟರ್ ಅಂತ ಅಳೆದದ್ದು ಎಲ್ಲಿಂದ? ನೀರು ಕಾಣುವ ಜಾಗದಿಂದ ಅಳೆದರೆ ಆಗುವುದಿಲ್ಲ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯಲ್ಲಿ ಉಬ್ಬರದ ಗೆರೆ ಎಳೆದಿರುತ್ತಾರೆ, ಲೆಕ್ಕ ಶುರುವಾಗುವುದು ಅಲ್ಲಿಂದ. 2019ರ ಅಧಿಸೂಚನೆಯ ಪ್ರಕಾರ ಹಳ್ಳಿ ಕಡೆಯ ಜಾಗ ಸಿಆರ್‌ಝಡ್-3ಕ್ಕೆ ಬರುತ್ತದೆ. ಅದರಲ್ಲೂ ಎರಡು ವಿಧ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇದ್ದರೆ 3ಎ, ಅಲ್ಲಿ ಕಟ್ಟಬಾರದ ಪಟ್ಟಿ 50 ಮೀಟರ್. ಕಡಿಮೆ ಇದ್ದರೆ 3ಬಿ, ಅಲ್ಲಿ 200 ಮೀಟರ್. ನೀವು 3ಬಿ ಆಗಿದ್ದರೂ 260 ನಿಜವಾಗಿದ್ದರೆ ಬಚಾವ್. ಆದರೆ ಗೆರೆ ನೀವಂದುಕೊಂಡದ್ದಕ್ಕಿಂತ ಮೂಡಕ್ಕೆ ಇದ್ದರೆ ಮನೆಯ ಅರ್ಧ ಆಚೆ, ಅರ್ಧ ಈಚೆ. ಪಟ್ಟಿಯ ಹೊರಗೂ 500 ಮೀಟರ್‌ವರೆಗೆ ನಿಯಮ ಉಂಟು: ಎರಡು ಅಂತಸ್ತು, 9 ಮೀಟರ್ ಎತ್ತರ, ಅದಕ್ಕಿಂತ ಮೇಲೆ ಇಲ್ಲ. ಸ್ವಂತ ವಾಸದ ಮನೆ 300 ಚದರ ಮೀಟರ್ ಒಳಗಿದ್ದರೆ ಸ್ಥಳೀಯ ಸಂಸ್ಥೆಯೇ ಅನುಮತಿ ಕೊಡಬಹುದು, ನಿಮ್ಮದು ಅದರೊಳಗೆ ಬರುತ್ತದೆ.

ಇನ್ನು ದಿಬ್ಬ ತಗ್ಗಿಸುವುದು. ಅದನ್ನು ನಕ್ಷೆಯಿಂದ ಇವತ್ತೇ ಅಳಿಸಿ. ಚಂದ ಕಾಣಲಿ ಅಂತ ಮರಳ ದಿಬ್ಬ ಕೆತ್ತುವುದನ್ನು ಅಧಿಸೂಚನೆ ನೇರವಾಗಿ ನಿಷೇಧಿಸಿದೆ. ಯಾರೋ ಒಬ್ಬರು ಫೋಟೋ ತೆಗೆದು ಕಳಿಸಿದರೆ ಸಾಕು.

ಕೊಲ್ಲಿಕನ್ನಡಿಗ

ಈಜುಕೊಳ ಎಂತಕ್ಕೆ ಮಾರಾಯ್ರೆ, ಎದುರಿಗೇ ಕಡಲು ಉಂಟಲ್ಲ.

ಗಾಳಿಮರ

ದಿಬ್ಬದ ವಿಷಯಕ್ಕೆ ಕಾನೂನು ಎರಡನೆಯ ಕಾರಣ. ಮೊದಲ ಕಾರಣ ಆ ದಿಬ್ಬವೇ ನಿಮ್ಮ ಮನೆಯ ಪಡುಗೋಡೆ ಎನ್ನುವುದು. ಮಳೆಗಾಲದಲ್ಲಿ ಕಡಲು ದಂಡೆಯ ಮರಳನ್ನು ಎಳೆದುಕೊಂಡು ಹೋಗುತ್ತದೆ, ದೀಪಾವಳಿ ಕಳೆದ ಮೇಲೆ ನಿಧಾನವಾಗಿ ತಂದು ಹಾಕುತ್ತದೆ. ದಿಬ್ಬ ಅಂದರೆ ಆ ಲೇವಾದೇವಿಯ ಮೂಲಧನ. ಅದನ್ನು ಕೆತ್ತಿ ಹುಲ್ಲು ಹಾಕಿದವರು ಆಮೇಲೆ ಬಂಡೆಗಲ್ಲು ಸುರಿಯಿರಿ ಎಂದು ಇಲಾಖೆಗೆ ಅರ್ಜಿ ಹಾಕುತ್ತಾರೆ. ಮರವಂತೆ, ಉಳ್ಳಾಲದ ಕಡಲ್ಕೊರೆತ ಪ್ರತಿ ಜೂನ್-ಜುಲೈಯಲ್ಲಿ ಸುದ್ದಿಯಾಗುವುದನ್ನು ಎಲ್ಲರೂ ನೋಡಿದ್ದೇವೆ.

ದಿಬ್ಬದ ಮೇಲೆ ಈಗ ಏನು ಬೆಳೆದಿದೆ? ಅಡುಂಬು ಬಳ್ಳಿ (ಗುಲಾಬಿ-ನೇರಳೆ ಹೂವಿನದು), ರಾವಣನ ಮೀಸೆ ಹುಲ್ಲು, ಕೇದಗೆ ಇದ್ದರೆ ಕೈ ಹಾಕಬೇಡಿ. ಮರಳನ್ನು ಹಿಡಿದಿಟ್ಟಿರುವುದು ಅವೇ. ಕೇದಗೆ ಹಿಂಡಿಲು ಉಪ್ಪುಗಾಳಿಯನ್ನೂ ತಡೆಯುತ್ತದೆ. ಅದರ ಹಿಂದೆ ಸುರಹೊನ್ನೆ ನೆಡಿ, ನಿಧಾನ ಬೆಳೆಯುತ್ತದೆ, ಆದರೆ ಉಪ್ಪುಗಾಳಿಗೆ ಜಗ್ಗುವ ಮರವಲ್ಲ. ಗಾಳಿ ಮರ ಬೇಗ ಏಳುತ್ತದೆ ಎಂದು ಎಲ್ಲರೂ ಅದನ್ನೇ ನೆಡುತ್ತಾರೆ. ಅದು ನಮ್ಮ ಕರಾವಳಿಯದಲ್ಲ, 19ನೇ ಶತಮಾನದಲ್ಲಿ ಸೌದೆಗಾಗಿ ತಂದದ್ದು. ಅದರ ಉದುರಿದ ಕಡ್ಡಿಯ ದಪ್ಪ ಹಾಸಿಗೆಯಲ್ಲಿ ಬೇರೇನೂ ಹುಟ್ಟುವುದಿಲ್ಲ. (ಹೌದು, ಇಲ್ಲಿ ನನ್ನ ಹೆಸರು ಅದೇ. ಹದಿನೈದು ವರ್ಷದ ಹಿಂದೆ ಇಟ್ಟದ್ದು, ಬದಲಾಯಿಸಲು ಬಿಡುವುದಿಲ್ಲ ಈ ಜಾಲತಾಣ.)

ನೆರಳುರೇಖೆ

ನಾನು ವೃತ್ತಿಯಿಂದ ವಾಸ್ತುಶಿಲ್ಪಿ, ಮಂಗಳೂರಿನಲ್ಲಿ. ಇನ್ನೊಬ್ಬರ ನಕ್ಷೆಯನ್ನು ಕಾಣದೆ ಟೀಕಿಸುವುದು ಸರಿಯಲ್ಲ, ಹಾಗಾಗಿ ನಿಮ್ಮ ವಿವರಣೆಯ ಮೇಲೆ ಮಾತ್ರ ಹೇಳುತ್ತೇನೆ.

ನಮ್ಮಲ್ಲಿ ವರ್ಷಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದೂ ಪಡುವಣ-ನೈಋತ್ಯದ ಗಾಳಿಯ ಜೊತೆ. ಮಳೆ ಮೇಲಿಂದ ಬೀಳುವುದಿಲ್ಲ, ಓರೆಯಾಗಿ ಬರುತ್ತದೆ. 45 ಡಿಗ್ರಿ ಓರೆ ಎಂದಿಟ್ಟುಕೊಂಡು ಕಾಗದದ ಮೇಲೆ ಗೆರೆ ಎಳೆದು ನೋಡಿ. 10 ಅಡಿ ಎತ್ತರದ ತಾರಸಿಗೆ 2 ಅಡಿ ಸಜ್ಜಾ ಇದ್ದರೆ ಗೋಡೆಯ ಕೆಳಗಿನ 8 ಅಡಿ ಒದ್ದೆ. ಅಂದರೆ ಗಾಜಿನ ಗೋಡೆಯ ಬಹುಪಾಲು ನೀರಿಗೆ, ಅದರ ಚೌಕಟ್ಟಿನ ಪ್ರತಿ ಸಂದಿಗೂ ನಾಲ್ಕು ತಿಂಗಳ ಪರೀಕ್ಷೆ. ಈಗ ಸೂರನ್ನು 7 ಅಡಿಗೆ ಇಳಿಸಿ, 4 ಅಡಿ ಹೊರಚಾಚಿ: ಕೆಳಗಿನ 3 ಅಡಿ ಮಾತ್ರ ಒದ್ದೆ. ಅದೇ 7 ಅಡಿ ಸೂರಿನ ಕೆಳಗೆ 8 ಅಡಿ ಅಗಲದ ಜಗಲಿ ಕೊಟ್ಟರೆ ಒಳಗೋಡೆಗೆ ಹನಿ ತಾಗುವುದಿಲ್ಲ. ಹಳೇ ಮನೆಗೆ ತಲೆ ಬಗ್ಗಿಸಿ ಹೋಗುವುದು ವಿನಯಕ್ಕೆ ಎಂದು ಅಜ್ಜಂದಿರು ಹೇಳುತ್ತಿದ್ದರು. ನನಗೆ ಕಾಣುವುದು ಈ ತ್ರಿಕೋನದ ಲೆಕ್ಕ.

ಮಳೆ ಹೀಗೆ ತಪ್ಪಿತು, ಬಿಸಿಲು ತಪ್ಪಲಿಲ್ಲ. ಸೂರ್ಯ ಮುಳುಗುವ ಸುಮಾರು ಒಂದೂವರೆ ಗಂಟೆ ಮೊದಲು ಅವನ ಎತ್ತರ 20 ಡಿಗ್ರಿ ಇರುತ್ತದೆ. 7 ಅಡಿ ಸೂರಿನ ಕೆಳಗಿಂದ ಆ ಬಿಸಿಲು 19 ಅಡಿ ಒಳಗೆ ನುಗ್ಗುತ್ತದೆ. 8 ಅಡಿ ಜಗಲಿ ಕಳೆದರೆ ಕೋಣೆಯೊಳಗೆ 11 ಅಡಿ. ಮಾರ್ಚ್-ಏಪ್ರಿಲ್‌ನಲ್ಲಿ, ಸೆಕೆಯ ಮೇಲೆ ಸೆಕೆ. ಇದನ್ನು ಯಾವ ಸೂರೂ ತಡೆಯುವುದಿಲ್ಲ. ಲಂಬವಾಗಿ ಏನಾದರೂ ಬೇಕು: ಮರದ ಪಟ್ಟಿಗಳ ತೆರೆ, ಮಣ್ಣಿನ ಜಾಲಿ (ತೂತುಗಳಿರುವ ಸುಟ್ಟ ಮಣ್ಣಿನ ಗೋಡೆ), ಅಥವಾ ಮರಗಳೇ. ಗಾಜು ಈ ಬಿಸಿಲನ್ನು ಒಳಗೆ ಬಿಟ್ಟುಕೊಂಡು ಶಾಖವನ್ನು ಹೊರಗೆ ಬಿಡುವುದಿಲ್ಲ. ಎಸಿ ಹಾಕುತ್ತೀರಿ, ಹೊರಗಿನ ಕಬ್ಬಿಣದ ಘಟಕ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ.

ಹಾಗಾದರೆ ಕಡಲು ನೋಡುವುದು ಬೇಡವೇ? ಬೇಕು. ಆದರೆ ಇಡೀ ಗೋಡೆಯಿಂದ ನೋಡಬೇಕಾಗಿಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ನೇರ ಪಡುವಣದಿಂದ ಸುಮಾರು 24 ಡಿಗ್ರಿ ತೆಂಕಕ್ಕೆ. ನೀವು ಅಲ್ಲಿ ಸಂಜೆ ಕೂರುವುದು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಹಾಗಾಗಿ ನೈಋತ್ಯ ಮೂಲೆಯಲ್ಲಿ ಒಂದು ದೊಡ್ಡ ಜಗಲಿ, ಮೂರು ಬದಿ ತೆರೆದದ್ದು, ಗಾಜೇ ಇಲ್ಲದ್ದು. ಮಳೆಗಾಲದಲ್ಲಿ ಅದನ್ನು ಬಿಟ್ಟುಕೊಟ್ಟುಬಿಡಿ, ನೆನೆಯಲಿ. ವಾಸದ ಕೋಣೆಗಳು ಅದರ ಹಿಂದೆ, ಮೂಡಕ್ಕೆ ಮತ್ತು ಬಡಗಕ್ಕೆ ತೆರೆದುಕೊಳ್ಳಲಿ.

ಕೊಲ್ಲಿಕನ್ನಡಿಗ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ದುಬೈಯಲ್ಲಿರುವುದು, ಸುರತ್ಕಲ್ ಹತ್ತಿರ ಮನೆ ಉಂಟು, ತಾರಸಿ ಮನೆಯೇ. ಹಂಚಿನ ಮಾಡು (ಚಾವಣಿ), ಜಗಲಿ ಅಂತ ಫೇಸ್‌ಬುಕ್‌ನಲ್ಲಿ ಬರೆಯುವವರು ಯಾರೂ ಹಂಚು ಕೈಯಾಡಿಸಲು ಮಾಡು ಹತ್ತುವುದಿಲ್ಲ. ಮಂಗ ಬಂದು ಹಂಚು ಸರಿಸಿದರೆ, ತೆಂಗಿನಕಾಯಿ ಬಿದ್ದು ಒಡೆದರೆ, ಸರಿಮಾಡುವ ಜನ ಎಲ್ಲಿ? ಫೋನ್ ಮಾಡಿದರೆ "ನಾಳೆ ಬರ್ತೆ" ಅಂತಾರೆ, ಆ ನಾಳೆ ಬರುವಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ. ಕಾಂಕ್ರೀಟ್ ಹಾಕಿ ಬೀಗ ಹಾಕಿ ಹೋದರೆ ನಿಶ್ಚಿಂತೆ. ಹಳೇ ಮನೆಯ ಚಂದ ನೋಡಬೇಕಾದರೆ ಮಣಿಪಾಲದ ಹೆರಿಟೇಜ್ ವಿಲೇಜ್‌ಗೆ ಹೋಗಿ ನೋಡಿ ಬರಲಿ.

ಮುರಕಲ್ಲು

ನಿಶ್ಚಿಂತೆ ಎಷ್ಟು ವರ್ಷ, ಅದು ಪ್ರಶ್ನೆ. ಕಾಂಕ್ರೀಟ್ ಹಾಳು ಅಂತ ನಾನು ಹೇಳುವುದಿಲ್ಲ, ಅದರಲ್ಲೇ ಅನ್ನ ತಿನ್ನುವವ. ಆದರೆ ಕಡಲಬದಿಯ ಕಾಂಕ್ರೀಟ್ ಬೇರೆ, ಘಟ್ಟದ ಮೇಲಿನದ್ದು ಬೇರೆ. ಐಎಸ್ 456 ಅಂತ ಒಂದು ಮಾನದಂಡ ಉಂಟು, 2000ದ್ದು. ಕರಾವಳಿಯ ಗಾಳಿಗೆ ತೆರೆದುಕೊಂಡ ಕಾಂಕ್ರೀಟಿಗೆ ಅದು ಕೇಳುವುದು ಕನಿಷ್ಠ ಎಂ30 ದರ್ಜೆ, ಕಂಬಿಯ ಮೇಲೆ 45 ಮಿಲಿಮೀಟರ್ ಹೊದಿಕೆ, ನೀರು-ಸಿಮೆಂಟಿನ ಅನುಪಾತ 0.45ಕ್ಕಿಂತ ಮೇಲೆ ಹೋಗಬಾರದು. ಅಲೆಯ ತುಂತುರು ತಾಗುವ ಜಾಗದಲ್ಲಿ ಎಂ35, 50 ಮಿಲಿಮೀಟರ್. ಸ್ಲ್ಯಾಬ್ ಹಾಕುವ ದಿನ ನಿಂತು ನೋಡಿ, ಕಂಬಿಯ ಅಡಿಗೆ ಎಷ್ಟು ದಪ್ಪದ ಕವರ್ ಬ್ಲಾಕ್ ಇಡ್ತಾರೆ ಅಂತ. 20 ಇದ್ದರೆ ಪುಣ್ಯ. ಉಪ್ಪು ಒಳಗೆ ಇಳಿದು ಕಂಬಿ ಮುಟ್ಟಿತು ಅಂದರೆ ತುಕ್ಕು ಊದಿಕೊಳ್ಳುತ್ತದೆ, ಊದಿದ ತುಕ್ಕು ಕಾಂಕ್ರೀಟನ್ನು ಒಳಗಿಂದಲೇ ಒಡೆಯುತ್ತದೆ. ಕೆಳಗೆ ನಿಂತು ತಲೆ ಎತ್ತಿದರೆ ಕಂಬಿಯ ಸಾಲು ಎಣಿಸಬಹುದು, ಅಂಥ ಮನೆ ಬೇಕಾದಷ್ಟು ತೋರಿಸುತ್ತೇನೆ. ಮರಳು ಹತ್ತಿರದ್ದೇ ಅಂತ ಕಡಲ ಮರಳು ಬೆರೆಸಿದರಂತೂ ಉಪ್ಪನ್ನು ನಾವೇ ಒಳಗಿಟ್ಟ ಹಾಗೆ. ಸಿಮೆಂಟ್ ತರುವಾಗ ಸ್ಲ್ಯಾಗ್ ಸಿಮೆಂಟ್ ಅಥವಾ ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟ್) ತನ್ನಿ, ಉಪ್ಪು ಇಳಿಯುವುದು ನಿಧಾನ ಆಗುತ್ತದೆ.

ಗೋಡೆಗೆ ಮುರಕಲ್ಲು (ಜಂಬಿಟ್ಟಿಗೆ). ಕಂಬಿಯೇ ಇಲ್ಲದ್ದಕ್ಕೆ ತುಕ್ಕಿನ ಚಿಂತೆ ಎಲ್ಲಿಂದ? ಆದಷ್ಟು ಭಾರ ಗೋಡೆಯ ಮೇಲೆ ಹೊರಿಸಿ, ಕಂಬ-ತೊಲೆ ಕಡಿಮೆ ಮಾಡಿ.

ಚೌಕಿಮನೆ

ಹೊನ್ನಾವರದ ಹತ್ತಿರದ ನಮ್ಮ ಮನೆ ಹಳೇ ಚೌಕಿ ಮನೆ (ನಡುವೆ ತೆರೆದ ಅಂಗಳ ಇರುವಂಥದ್ದು), ನಾನು ಮದುವೆಯಾಗಿ ಬಂದಾಗಿನಿಂದ ಅದರಲ್ಲೇ ಇದ್ದೇನೆ. ಎಲ್ಲರೂ ಮಾಡು, ಗೋಡೆ, ಸಿಮೆಂಟ್ ಅನ್ನುತ್ತಿದ್ದೀರಿ. ಪಡುಗಡಲು ಅವರೇ, ಆ ಮನೆಯಲ್ಲಿ ಇರುವವರು ಯಾರು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಲೆ ಹಚ್ಚುವವರು ಯಾರಾದರೂ ಇದ್ದಾರೆಯೇ?

ಯಾಕೆ ಕೇಳಿದೆ ಎಂದರೆ, ಹಳೇ ಮನೆ ಬರೀ ನಕ್ಷೆಯಿಂದ ಉಳಿಯಲಿಲ್ಲ. ಬಚ್ಚಲ ಒಲೆ, ಅಡುಗೆ ಒಲೆ ದಿನವೂ ಉರಿದು ಆ ಹೊಗೆ, ಕಾವು ಅಟ್ಟದ ಪಕಾಸಿಗೆ (ಮಾಡಿನ ಓರೆ ತೊಲೆಗೆ) ತಾಗುತ್ತಿತ್ತು. ಅಡಿಕೆ, ಕೊಬ್ಬರಿ, ಸೌದೆ ಒಣಗುತ್ತಿದ್ದದ್ದೂ ಅದರಲ್ಲೇ. ಮರಕ್ಕೆ ಹುಳ ಹತ್ತಲಿಲ್ಲ. ಮಳೆ ಶುರುವಾಗುವ ಮೊದಲು ಪಡುಬದಿಗೆ ಮಡಲಿನ (ಹೆಣೆದ ತೆಂಗಿನ ಗರಿಯ) ತಟ್ಟಿ ಕಟ್ಟುತ್ತಿದ್ದೆವು, ಬಿಚ್ಚುವುದು ನವರಾತ್ರಿಯ ಹೊತ್ತಿಗೆ. ಆ ನಾಲ್ಕು ತಿಂಗಳು ಮನೆ ಕತ್ತಲೆ, ಆದರೆ ಗೋಡೆ ಒಣಗಿರುತ್ತಿತ್ತು. ದಿನಾ ಗುಡಿಸುವ, ಕಿಟಕಿ ತೆಗೆದು ಹಾಕುವ, ಸೋರಿದ ಹಂಚನ್ನು ಕೋಲಿನಿಂದ ಒಳಗಿಂದಲೇ ಸರಿಸುವ ಜನ ಇದ್ದರು. ಅಷ್ಟು ಜನ ಸೇರಿದರೆ ಮಾತ್ರ ಅದು ಮನೆ. ಅವರನ್ನು ತೆಗೆದು ಹಂಚು, ಜಗಲಿ ಮಾತ್ರ ಇಟ್ಟುಕೊಂಡರೆ ಬೂಷ್ಟು ಹಿಡಿಯದೆ ಇರುತ್ತದೆಯೇ?

ಪಡುಗಡಲು

ನೀವು ಸರಿಯಾದ ಜಾಗಕ್ಕೇ ಕೈ ಹಾಕಿದಿರಿ ಅಕ್ಕ. ಅಮ್ಮ, ಚಿಕ್ಕಮ್ಮ ಇಬ್ಬರೂ ಅಕ್ಟೋಬರ್‌ನಿಂದ ಮೇವರೆಗೆ ಅಲ್ಲಿರುತ್ತಾರೆ. ಅಮ್ಮನಿಗೆ 68, ಮಂಡಿನೋವು. ಮಳೆಗಾಲದಲ್ಲಿ ಇಬ್ಬರೂ ಬೆಂಗಳೂರಿಗೆ. ಹಾಗಾಗಿ ನಾಲ್ಕು ತಿಂಗಳು ಮನೆ ಮುಚ್ಚಿರುತ್ತದೆ. ಪಕ್ಕದ ಮನೆಯವರು ವಾರಕ್ಕೊಮ್ಮೆ ನೋಡಿಕೊಳ್ಳುತ್ತಾರೆ, ಅಷ್ಟೆ.

ನೆರಳುರೇಖೆ

ಹಾಗಾದರೆ ನಕ್ಷೆಯ ಮೊದಲ ಸಾಲೇ ಇದು: ನಾಲ್ಕು ತಿಂಗಳು ಜನರಿಲ್ಲದೆ ಒಣಗಿರಬೇಕಾದ ಮನೆ. ಇದನ್ನು ಮೊದಲೇ ಹೇಳಿದ್ದರೆ ನಾನು ಬೇರೆಯೇ ಬರೆಯುತ್ತಿದ್ದೆ. ಚೌಕಿಮನೆಯವರಿಗೆ ದೊಡ್ಡ ನಮಸ್ಕಾರ.

ಬೀಗ ಹಾಕಿದ ಮನೆಯೂ ಉಸಿರಾಡಬೇಕು. ತೆಗೆದು ಮುಚ್ಚುವ ಕಿಟಕಿಯನ್ನು ನಂಬಬೇಡಿ. ಯಾರೂ ಮುಟ್ಟದಿದ್ದರೂ ಸದಾ ತೆರೆದಿರುವ ದಾರಿ ಬೇಕು: ಪ್ರತಿ ಕೋಣೆಯ ಮೂಡು-ಬಡಗು ಗೋಡೆಯ ಕೆಳಭಾಗದಲ್ಲಿ ಮಣ್ಣಿನ ಜಾಲಿ, ಒಳಗಿನಿಂದ ಸ್ಟೀಲ್ ಬಲೆ (ಸೊಳ್ಳೆ, ಹಾವು, ಇಲಿ ಮೂರಕ್ಕೂ). ಮೇಲೆ ಮಾಡಿನ ತ್ರಿಕೋನದ ಗೋಡೆಯಲ್ಲಿ ಓರೆ ಪಟ್ಟಿಗಳ ಗವಾಕ್ಷಿ, ಅದಕ್ಕೂ ಸೂರು. ಬಿಸಿಗಾಳಿ ಮೇಲಿಂದ ಹೋಗುತ್ತದೆ, ಕೆಳಗಿಂದ ಹೊಸದು ಬರುತ್ತದೆ. ಪಡುಬದಿಗೆ ಮಾತ್ರ ಮುಚ್ಚಬಹುದಾದ ಗಟ್ಟಿ ತೆರೆಗಳು. ಅಕ್ಕ ಹೇಳಿದ ಮಡಲಿನ ತಟ್ಟಿಯ ಕೆಲಸವನ್ನೇ ಜಾರುವ ಮರದ ತೆರೆ ಮಾಡುತ್ತದೆ. ಬೇಸಿಗೆಯಲ್ಲಿ ಪಟ್ಟಿಗಳ ನಡುವೆ ಗಾಳಿ, ಮೇ ಕೊನೆಗೆ ಎಳೆದು ಬೋಲ್ಟ್ ಹಾಕಿದರೆ ಅಕ್ಟೋಬರ್‌ವರೆಗೆ ಮುಚ್ಚಿದ ಗೋಡೆ. ಹೊಸ ಕಾಲದ ಮನೆ ಬೇಕೆಂದಿರಲ್ಲ, ಇದೇ ಹೊಸದು. ಕಂಬದ ಕೆತ್ತನೆ, ಹಿತ್ತಾಳೆ ದೀಪ ತಂದಿಡುವುದರಿಂದ ಮನೆ ಕರಾವಳಿಯದಾಗುವುದಿಲ್ಲ.

ಒಳಗೆ ಜಿಪ್ಸಂ ಬೋರ್ಡ್ ಚಾವಣಿ ಬೇಡ. ಎಂಡಿಎಫ್, ಪಾರ್ಟಿಕಲ್ ಬೋರ್ಡಿನ (ಮರದ ಪುಡಿ ಒತ್ತಿ ಮಾಡಿದ ಹಲಗೆಯ) ಕಪಾಟು ಬೇಡವೇ ಬೇಡ, ಒಂದೇ ಮಳೆಗಾಲಕ್ಕೆ ಊದಿಕೊಳ್ಳುತ್ತದೆ. ಗೋಡೆಗೆ ತಾಗದ ಹಾಗೆ ಎರಡು ಬೆರಳು ಬಿಟ್ಟು ನಿಲ್ಲಿಸಿದ ಗಟ್ಟಿಮರದ ಕಪಾಟು, ಬಾಗಿಲಿಗೆ ಓರೆ ಪಟ್ಟಿ. ಒಳಗೋಡೆಗೆ ಸುಣ್ಣದ ಗಾರೆ. ಪ್ಲಾಸ್ಟಿಕ್ ಹೊದಿಸಿದಂಥ ಬಣ್ಣ ಬಳಿದರೆ ಮುರಕಲ್ಲು ಕುಡಿದ ನೀರು ಹೊರಗೆ ಬರಲಾಗದೆ ಬಣ್ಣವನ್ನೇ ಗುಳ್ಳೆ ಎಬ್ಬಿಸುತ್ತದೆ.

ಅಮ್ಮನ ಮಂಡಿಗೆ: ಪಂಚಾಂಗ ಎರಡೂವರೆ ಅಡಿ ಎತ್ತರ ಬೇಕೇ ಬೇಕು, ತಗ್ಗಿಸಬೇಡಿ. ಮೂಡುಬದಿಯಿಂದ 30 ಅಡಿ ಉದ್ದದ ಇಳಿಜಾರು ಕೊಡಿ, ಅದರ ಮೇಲೂ ಮಾಡು ಇರಲಿ. ಮನೆಯೊಳಗೆ ಎಲ್ಲೂ ಮೆಟ್ಟಿಲು ಬೇಡ. ನಡುವೆ ತೆರೆದ ತೊಟ್ಟಿ ಬೇಕೆಂಬ ಆಸೆ ಇದ್ದರೆ ಇನ್ನೊಮ್ಮೆ ಯೋಚಿಸಿ. ಪಾಚಿ ಹಿಡಿದ ನೆಲ ವಯಸ್ಸಾದವರಿಗೆ ಅಪಾಯ, ಮುಚ್ಚಿದ ಮನೆಯಲ್ಲಿ ಅದನ್ನು ಉಜ್ಜುವವರಿಲ್ಲ. ಮನೆಯ ಮೂಡುಬದಿಯಲ್ಲಿ ಅಂಗಳ ಇಟ್ಟರೆ ತೊಟ್ಟಿಯ ಬೆಳಕೆಲ್ಲ ಸಿಗುತ್ತದೆ, ಮಳೆನೀರು ಒಳಗೆ ಬರುವುದಿಲ್ಲ.

ಕೊಲ್ಲಿಕನ್ನಡಿಗ

ಸದಾ ತೆರೆದ ಜಾಲಿ ಅಂದರೆ ಕಳ್ಳರಿಗೆ?

ನೆರಳುರೇಖೆ

ಒಂಬತ್ತು ಇಂಚಿನ ಜಾಲಿ ಗೋಡೆಯನ್ನು ಒಡೆಯುವ ಕಳ್ಳ ಬಾಗಿಲನ್ನೂ ಒಡೆಯುತ್ತಾನೆ. 24 ಅಡಿ ಗಾಜಿಗಿಂತ ಭದ್ರವೇ ಅಲ್ಲವೇ?

ಹಂಚಿನಮಾಡು

ಮಾಡಿನ ವಿಷಯ ನಾನು ಹೇಳ್ತೆ. ಅಪ್ಪ ಮಾಡು ಕಟ್ಟುವ ಆಚಾರಿ, ನಾನು ಈಗ ಟ್ರಸ್ (ಮಾಡು ಹೊರುವ ಕಬ್ಬಿಣದ ಚೌಕಟ್ಟು) ಕೆಲಸ ಮಾಡುವುದು, ಕುಂದಾಪುರ ಕಡೆ.

ಮರದ ಪಕಾಸಿ, ರೀಪು (ಹಂಚು ಕೂರುವ ಪಟ್ಟಿ) ಒಳ್ಳೇದೇ. ಹಲಸು, ಬೋಗಿ, ಬಲಿತ ತೆಂಗು ಮೂರೂ ನಡೀತದೆ. ಆದರೆ ನಾಲ್ಕು ತಿಂಗಳು ಮುಚ್ಚುವ ಮನೆಗೆ ಹೊಗೆಯಿಲ್ಲದ ಮರ ಅಂದರೆ ಗೆದ್ದಲಿಗೆ ಆಮಂತ್ರಣ. ಕಬ್ಬಿಣದ ಪೈಪ್ ಹಾಕುವುದಾದರೆ ಕೇಳಿ. ಅಂಗಡಿಯಲ್ಲಿ ಸಿಗುವ ಜಿಐ (ಸತು ಲೇಪಿಸಿದ) ಪೈಪ್ ತಂದು ಕತ್ತರಿಸಿ ವೆಲ್ಡ್ ಮಾಡುತ್ತಾರೆ. ಕತ್ತರಿಸಿದ ತುದಿಯಲ್ಲಿ, ವೆಲ್ಡ್ ಮಾಡಿದ ಜಾಗದಲ್ಲಿ ಸತುವಿನ ಲೇಪ ಸುಟ್ಟು ಹೋಗಿರುತ್ತದೆ. ಕಡಲಬದಿಯಲ್ಲಿ ತುಕ್ಕು ಶುರುವಾಗುವುದು ಅಲ್ಲೇ. ಟ್ರಸ್ಸಿನ ತುಂಡುಗಳನ್ನು ಮೊದಲು ಪೂರ್ತಿ ವೆಲ್ಡ್ ಮಾಡಿ, ಆಮೇಲೆ ಕರಗಿದ ಸತುವಿನಲ್ಲಿ ಅದ್ದಿಸಿ ತರಬೇಕು, ಮೇಲೆ ಬರೀ ಬೋಲ್ಟ್ ಹಾಕಿ ಕೂಡಿಸಬೇಕು. ಖರ್ಚು ಹೆಚ್ಚು, ಆದರೆ ಒಂದೇ ಸಲ. ಬೋಲ್ಟಿಗೆ ಸ್ಟೇನ್‌ಲೆಸ್ ಅಂದರೆ 316 ದರ್ಜೆಯದ್ದು ಕೇಳಿ, 304 ದರ್ಜೆಗೆ ಕಡಲಗಾಳಿಗೆ ಕಂದು ಚುಕ್ಕೆ ಬರ್ತದೆ.

ಹಂಚು ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ 15 ಬೇಕಾಗುತ್ತದೆ. ಇಳಿಜಾರು 30 ಡಿಗ್ರಿಗಿಂತ ಕಡಿಮೆ ಮಾಡಬೇಡಿ, ನೋಡಲು ತೆಳ್ಳಗೆ ಕಾಣಲಿ ಅಂತ 15-20 ಮಾಡಿಸಿಕೊಂಡವರು ಇದ್ದಾರೆ, ಗಾಳಿ ನೀರನ್ನು ಹಂಚಿನ ಅಡಿಗೆ ಹಿಂದಕ್ಕೆ ತಳ್ತದೆ. ಅಡಿಗೆ ಸೀಲಿಂಗ್ ಹಂಚು ಕೂರಿಸಿ, ಎರಡರ ನಡುವಿನ ಗಾಳಿಯೇ ಸೆಕೆ ತಡೆಯುವುದು. ಹೊಸ ಹಂಚೇ ಬೇಕಂತಿಲ್ಲ. ಹಳೇ ಮನೆ ಬಿಚ್ಚುವಲ್ಲಿ ಹಂಚು ಸಿಗ್ತದೆ, ಬೆರಳಲ್ಲಿ ತಟ್ಟಿ ನೋಡಿ, ಟಣ್ ಅಂದರೆ ತಗೊಳ್ಳಿ. ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಇಟ್ಟದ್ದು 1865ರಲ್ಲಿ. ಆ ಮುದ್ರೆಯ ಹಂಚು ಈಗಲೂ ಕೆಲವು ಮಾಡಿನ ಮೇಲೆ ಕೂತಿದೆ.

ತೆಂಗಿನ ಮರದ ಬುಡದಿಂದ ಮನೆ ದೂರ ಇಡಿ. ಕಡಿಯಬೇಡಿ, ಮನೆಯನ್ನೇ ಸರಿಸಿ.

ಪಡುಗಡಲು

ಸೋರಿಕೆಯ ಭಯ ಇನ್ನೂ ಹೋಗಿಲ್ಲ. ಮುಚ್ಚಿದ ಮನೆಯಲ್ಲಿ ಒಂದು ಹಂಚು ಸರಿದರೆ ಯಾರಿಗೆ ಗೊತ್ತಾಗುತ್ತದೆ? ಮತ್ತೆ, ನಮ್ಮ ಆರ್ಕಿಟೆಕ್ಟ್ ಮಾತೆತ್ತಿದರೆ ಜೆಫ್ರಿ ಬಾವಾ ಅನ್ನುತ್ತಾರೆ. ಅವರೂ ಇಂಥದ್ದನ್ನೇ ಮಾಡಿದ್ದೇ?

ನೆರಳುರೇಖೆ

ಬಾವಾ ಹೆಸರು ಹೇಳಿ ಚಪ್ಪಟೆ ತಾರಸಿ ಕೊಟ್ಟರೆ? ಒಳ್ಳೇ ತಮಾಷೆ. ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ (1919–2003) ನಿಮ್ಮ ಸೋರಿಕೆಯ ಪ್ರಶ್ನೆಗೇ ಒಂದು ಉತ್ತರ ಕೊಟ್ಟಿದ್ದರು. ಅಲೆಅಲೆ ಸಿಮೆಂಟ್ ಶೀಟನ್ನು ಮೊದಲು ಹಾಸಿ, ಅದರ ಮೇಲೆ ಅರೆದುಂಡು ಮಣ್ಣಿನ ಹಂಚು ಕೂರಿಸುವುದು. ಹಂಚು ಬಿಸಿಲು ಹೊರುತ್ತದೆ, ಶೀಟು ನೀರು ತಡೆಯುತ್ತದೆ. ಒಂದು ಹಂಚು ಒಡೆದರೂ ಮನೆ ಸೋರುವುದಿಲ್ಲ. ಆ ಕಾಲದ ಶೀಟಿನಲ್ಲಿ ಕಲ್ನಾರು ಇರುತ್ತಿತ್ತು, ಈಗ ಅದಿಲ್ಲದ್ದನ್ನೇ ಕೇಳಿ ತನ್ನಿ. ಮಂಗಳೂರು ಹಂಚಿಗೆ ಅದೇ ತತ್ವವನ್ನು ಹೀಗೆ ಹೊಂದಿಸಬಹುದು: ಟ್ರಸ್ಸಿನ ಮೇಲೆ ಶೀಟು, ಶೀಟಿನ ಮೇಲೆ ರೀಪು, ಅದರ ಮೇಲೆ ಹಂಚು, ನಡುವೆ ಗಾಳಿ ಆಡುವಷ್ಟು ಜಾಗ.

ಬೆಂಟೋಟದ ಹತ್ತಿರ ಅವರ ಸ್ವಂತ ತೋಟ ಲುನುಗಂಗಾ ಇದೆ, 1948ರಲ್ಲಿ ಕೊಂಡದ್ದು. ಫೋಟೋಗಳಲ್ಲಿ ಬರೀ ನೀರು, ಮರ, ಖಾಲಿ ಕುರ್ಚಿ ಕಾಣುತ್ತದೆ. ನಾನು ಅದರಿಂದ ಕಲಿತದ್ದು ಇಷ್ಟು: ಮನೆಯ ಎಲ್ಲ ಕಡೆಯಿಂದಲೂ ನೋಟ ತೆರೆದಿಟ್ಟಿಲ್ಲ. ಇಲ್ಲಿ ನಿಂತರೆ ಸರೋವರ, ಅಲ್ಲಿ ನಿಂತರೆ ದಿಣ್ಣೆ, ನಡುವೆ ಏನೂ ಕಾಣದ ನೆರಳು. ನಿಮ್ಮ ಜಾಗದ ಪಡುಗಡೆ ಕೇದಗೆ ಹಿಂಡಿಲು ಇದೆ ಎಂದಿರಿ, ಅದು ಕಡಲನ್ನು ಮರೆಮಾಡುತ್ತದೆ. ಮರೆಯಾಗಿಯೇ ಇರಲಿ. ಸದ್ದು ಹೇಗೂ ಕೇಳುತ್ತದೆ. ಹಿಂಡಿಲಿನ ಪಕ್ಕದಲ್ಲಿ ಕಾಲುದಾರಿ ಇದ್ದೇ ಇರುತ್ತದೆ, ಮೀನುಗಾರರು ನಡೆದಾಡಿ ಆದದ್ದು. ಜಗಲಿಯಿಂದ ಆ ದಾರಿಯ ಸಂದಿಯಲ್ಲಿ ಒಂದು ತುಂಡು ಕಡಲು ಕಂಡರೆ 24 ಅಡಿ ಗಾಜಿಗಿಂತ ಹೆಚ್ಚು ಹೊತ್ತು ನೋಡುತ್ತೀರಿ.

ಗಾಳಿಮರ

ಆ ಕಾಲುದಾರಿಗೆ ಬೇಲಿ ಹಾಕಬೇಡಿ ಅಂತಲೂ ಸೇರಿಸಿ. ಹೊರಗಿನಿಂದ ಬಂದು ಕಟ್ಟಿದವರು ಮೊದಲು ಮಾಡುವ ಕೆಲಸ ಅದು. ನೀವು ಆ ಊರಿನವರೇ, ಆದರೂ ಹೇಳಿದೆ.

ಕಾಂಪೌಂಡಿನ ಬಗ್ಗೆ ಇನ್ನೊಂದು. ಜಾಗ ತಗ್ಗು ಎಂದು ಕೆಂಪುಮಣ್ಣು ತುಂಬಿಸಿ ಎತ್ತರಿಸುತ್ತಾರೆ, ಸುತ್ತ ಸಂದಿಲ್ಲದ ಕಲ್ಲಿನ ಗೋಡೆ. ಮೊದಲು ನಿಮ್ಮ ಜಾಗ ದಾಟಿ ತೋಡಿಗೆ ಹೋಗುತ್ತಿದ್ದ ನೀರು ಪಕ್ಕದವರ ಅಂಗಳದಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ತಲೆಮಾರಿನ ಜಗಳ. ಮನೆಯ ಅಡಿಪಾಯವನ್ನಷ್ಟೇ ಎತ್ತರಿಸಿ, ಜಾಗವನ್ನಲ್ಲ. ಮರಳು ನೆಲ, ನೀರು ತಾನೇ ಇಂಗುತ್ತದೆ. ಇಂಟರ್‌ಲಾಕ್ ಇಟ್ಟಿಗೆ ಹಾಸಿದರೆ ಅದೂ ಇಂಗುವುದಿಲ್ಲ. ಹುಲ್ಲುಹಾಸಿಗೆ ಬೇಸಿಗೆಯಲ್ಲಿ ನೀರು ಎಲ್ಲಿಂದ ತರುತ್ತೀರಿ? ಮರಳಿನ ಅಂಗಳ ಗುಡಿಸಿಟ್ಟರೆ ಅದಕ್ಕಿಂತ ಚಂದ.

ಬೆಳಕು: ಕುಂದಾಪುರದಿಂದ ಕಾರವಾರದವರೆಗಿನ ದಂಡೆಗಳಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆ ಮೊಟ್ಟೆ ಇಡಲು ಬರುತ್ತದೆ. ಮರಿಗಳು ಹೊಳಪಿನ ಕಡೆ ನಡೆಯುತ್ತವೆ. ಕತ್ತಲ ದಂಡೆಯಲ್ಲಿ ಹೊಳೆಯುವುದು ಕಡಲು, ಬೆಳಕಿದ್ದರೆ ನಿಮ್ಮ ಮನೆ. ಪಡುಬದಿಗೆ ಫ್ಲಡ್‌ಲೈಟ್ ಬೇಡ. ಜಗಲಿಯ ದೀಪ ಸೂರಿನೊಳಗೆ, ಕೆಳಮುಖವಾಗಿ, ಹಳದಿ-ಕೆಂಪು ಬಣ್ಣದ್ದು.

ಪಡುಗಡಲು

ಬಾವಿಯ ನೀರು ಏಪ್ರಿಲ್‌ಗೆ ಸ್ವಲ್ಪ ಉಪ್ಪಾಗುತ್ತದೆ ಎಂದು ಪಕ್ಕದವರು ಹೇಳಿದರು. ಬೋರ್ ತೆಗೆಸಬಹುದೇ?

ಮುರಕಲ್ಲು

ಬೇಡ. ಕಡಲಬದಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಮೇಲಿನ ಸಿಹಿನೀರಿನ ಮಟ್ಟ ಒಂದು ಅಡಿ ಇಳಿದರೆ ಅಡಿಯ ಉಪ್ಪು ಸುಮಾರು 40 ಅಡಿ ಮೇಲೇರುತ್ತದೆ ಅನ್ನುವುದು ಹಳೇ ಲೆಕ್ಕ. ಬೋರ್ ಹಾಕಿ ಜೋರು ಪಂಪ್ ಇಟ್ಟರೆ ನಿಮ್ಮದಷ್ಟೇ ಅಲ್ಲ, ಅಕ್ಕಪಕ್ಕದ ಬಾವಿಯೂ ಹಾಳು. ಇರುವ ಬಾವಿಗೆ ಸಣ್ಣ ಪಂಪ್, ದಿನಕ್ಕೆ ಸ್ವಲ್ಪ ಸ್ವಲ್ಪ ಎತ್ತಿ.

ಮಾಡಿನ ನೀರು ಯಾಕೆ ಬಿಡುತ್ತೀರಿ? ಸೂರು, ಜಗಲಿ ಸೇರಿ ಮಾಡಿನ ಅಡಿಯ ಜಾಗ 250 ಚದರ ಮೀಟರ್ ಆದೀತು. ಮೂರೂವರೆ ಮೀಟರ್ ಮಳೆ, ನೂರಕ್ಕೆ ಎಂಬತ್ತು ಹಿಡಿದರೂ ಏಳು ಲಕ್ಷ ಲೀಟರ್. ಮೂರು ಜನಕ್ಕೆ ದಿನಕ್ಕೆ ತಲಾ 120 ಲೀಟರ್ ಅಂದರೆ ಮಾರ್ಚ್‌ನಿಂದ ಮೇವರೆಗೆ 33 ಸಾವಿರ ಸಾಕು. ಇಳಿಜಾರಿನ ಅಡಿಯಲ್ಲೋ ಮೂಡಂಗಳದಲ್ಲೋ ಅಷ್ಟು ಹಿಡಿಯುವ ಟ್ಯಾಂಕ್ ಮಾಡಿ, ಮಿಕ್ಕಿದ್ದನ್ನು ಬಾವಿಯ ಸುತ್ತ ಇಂಗಿಸಿ. ದಂಬೆ (ಸೂರಿನ ನೀರು ಹಿಡಿಯುವ ಕೊಳವೆ) ಮಾತ್ರ ದೊಡ್ಡದಿರಲಿ. ಪೇಟೆಯ ನಾಲ್ಕಿಂಚಿನ ಪೈಪ್ ನಮ್ಮ ಮಳೆಗೆ ಬಾಯಿ ತುಂಬಿ ಹೊರಗೆ ಚೆಲ್ಲುತ್ತದೆ. ಶೌಚದ ಗುಂಡಿಯನ್ನು ಬಾವಿಯಿಂದ ಆದಷ್ಟು ದೂರ, ನೀರು ಹರಿಯುವ ಕೆಳಬದಿಗೆ. ಮರಳು ನೆಲದಲ್ಲಿ ಗಲೀಜು ಬೇಗ ಓಡುತ್ತದೆ.

ಪಡುಗಡಲು

ಎಲ್ಲವನ್ನೂ ಬರೆದುಕೊಂಡು ನಿನ್ನೆ ನಮ್ಮ ಆರ್ಕಿಟೆಕ್ಟ್ ಜೊತೆ ಕೂತೆ. ಅವರು ಸಿಟ್ಟಾಗಲಿಲ್ಲ. "ಮಳೆಗಾಲದಲ್ಲಿ ಆ ಜಾಗ ನೋಡಿಲ್ಲ, ನೋಡಬೇಕು" ಅಂದರು. ದಿಬ್ಬ, ಕೊಳ, ಹುಲ್ಲು ಮೂರೂ ಹೋಯಿತು. ಗಾಜಿನ ಬಗ್ಗೆ ಇನ್ನೂ ಚರ್ಚೆ ನಡೆದಿದೆ, ಬಡಗುಬದಿಗೆ ಒಂದು ದೊಡ್ಡ ಗಾಜಿನ ಕಿಟಕಿ ಇಡೋಣ ಅನ್ನುತ್ತಿದ್ದಾರೆ.

ನೆರಳುರೇಖೆ

ಬಡಗಕ್ಕೆ ಅಡ್ಡಿಯಿಲ್ಲ, ಸೂರು ಮಾತ್ರ ಮರೆಯಬೇಡಿ. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ಬಡಗಕ್ಕೆ ವಾಲಿರುತ್ತಾನೆ. ಅದರಲ್ಲಿ ಹೆಚ್ಚಿನ ದಿನ ಮೋಡ, ಆದರೆ ಮೇ ತಿಂಗಳು ಅಮ್ಮ ಅಲ್ಲಿರುತ್ತಾರಲ್ಲ.

ಚೌಕಿಮನೆ

ಪಕ್ಕದವರು ವಾರಕ್ಕೊಮ್ಮೆ ಬರುವಾಗ ಬಚ್ಚಲ ಒಲೆಗೆ ಎರಡು ಸೌದೆ ಹಾಕಿ ಹೋಗಲಿ. ಹೊಸ ಮನೆಗೂ ಒಂದು ಬಚ್ಚಲ ಒಲೆ ಇಡಿಸಿ. ಚಿಕ್ಕಮ್ಮನಿಗೂ ಖುಷಿಯಾಗುತ್ತದೆ.

ಪಡುಗಡಲು

ಇಡಿಸುತ್ತೇನೆ ಅಕ್ಕ. ಕೊನೆಯದಾಗಿ ಒಂದು ಪ್ರಶ್ನೆ: ಈಗ ಫೆಬ್ರವರಿ. ತಕ್ಷಣ ಶುರುಮಾಡಿದರೆ ಮಳೆಗೆ ಮೊದಲು ಮಾಡು ಏರಿಸಬಹುದೇ?

ಮುರಕಲ್ಲು

ಆಗುವುದಿಲ್ಲ, ಅವಸರವೂ ಬೇಡ. ಈ ಬೇಸಿಗೆಯಲ್ಲಿ ಸಿಆರ್‌ಝಡ್, 9/11ರ (ಪಂಚಾಯಿತಿಯ ಆಸ್ತಿ ನಮೂನೆಗಳ) ಕಾಗದ ಮುಗಿಸಿ. ಅನುಮತಿ ಕೈಗೆ ಬಂದರೆ ಮೇ ಒಳಗೆ ಪಂಚಾಂಗ ಮಾತ್ರ ಎಬ್ಬಿಸಿ, ಒಳಗೆ ಮರಳು ತುಂಬಿಸಿ ಹಾಗೇ ಬಿಡಿ. ಒಂದು ಮಳೆಗಾಲದ ನೀರು ಕುಡಿದು ಅದು ಕೂರಬೇಕಾದಷ್ಟು ಕೂರಲಿ, ಇಲ್ಲದಿದ್ದರೆ ನೆಲ ಹಾಕಿದ ಮೇಲೆ ಬಿರುಕು. ಗೋಡೆಯ ಕಲ್ಲನ್ನೂ ಈಗಲೇ ತರಿಸಿ ಅಂಗಳದಲ್ಲಿ ಜೋಡಿಸಿಡಿ. ಮುರಕಲ್ಲು ಗಾಳಿಗೆ ಗಟ್ಟಿಯಾಗುತ್ತದೆ, ಹಾಳು ಕಲ್ಲು ಮಳೆಗೆ ಕರಗಿ ತಾನೇ ಗೊತ್ತಾಗುತ್ತದೆ, ಅದನ್ನು ತೆಗೆದು ಪಕ್ಕಕ್ಕೆ ಹಾಕಬಹುದು. ದೀಪಾವಳಿ ಕಳೆದು ಗೋಡೆ, ಮಾರ್ಚ್‌ಗೆ ಟ್ರಸ್, ಏಪ್ರಿಲ್ ಒಳಗೆ ಹಂಚು. ಟ್ರಸ್ಸಿನ ಸತುವಿನ ಕೆಲಸಕ್ಕೆ ಹೋಗಿ ಬರಲು ಹಂಚಿನಮಾಡು ಅವರು ಎಷ್ಟು ದಿನ ಹೇಳುತ್ತಾರೋ ಅದರ ಎರಡರಷ್ಟು ಹಿಡಿಯಿರಿ.

ಹಂಚಿನಮಾಡು

ಎರಡರಷ್ಟು ಬೇಡ ಮಾರ್ರೆ, ಒಂದೂವರೆ ಸಾಕು.